ಗಡ್ಡೆಯೊಳಗಿನ ನೀಲಿ ಬೆಳಕು: ಎಷ್ಟು ಹುಟ್ಟುತ್ತದೆ, ಎಷ್ಟು ಉಳಿಯುತ್ತದೆ

ಮಳೆಗಾಲದ ರಾತ್ರಿ ಕರೆಂಟು ಹೋದಾಗ ಮೊಬೈಲಿನ ಟಾರ್ಚ್ ಹಚ್ಚಿ, ಅದರ ಮೇಲೆ ಹೆಬ್ಬೆರಳು ಇಟ್ಟು ನೋಡಿ. ಒಳಗೆ ಹೋಗುವುದು ಬಿಳಿ ಬೆಳಕು, ಆಚೆ ಬರುವುದು ಕೆಂಪು. ಬೆರಳು ಕೆಂಪು ಬಣ್ಣವನ್ನೇನೂ ಸೇರಿಸಿಲ್ಲ. ನೀಲಿ, ಹಸಿರು ಒಳಗೇ ಖರ್ಚಾಗಿ ಕೆಂಪು ಮಾತ್ರ ಉಳಿದಿದೆ. ಅದೇ ಟಾರ್ಚನ್ನು ಅಂಗೈ ಕೆಳಗೆ ಹಿಡಿದರೆ ಮಂಕು ಕೆಂಪು ಕಾಣುತ್ತದೆ, ಹೊಟ್ಟೆಗೆ ಹಿಡಿದರೆ ಏನೂ ಇಲ್ಲ. ನೀಲಿ ಬೆಳಕು ಮೈಯೊಳಗೆ ಒಂದು ಮಿಲಿಮೀಟರ್ ಹೋಗುವಷ್ಟರಲ್ಲಿ ಬಹುಪಾಲು ಮುಗಿಯುತ್ತದೆ. ಕೆಂಪು ಕೆಲವು ಮಿಲಿಮೀಟರ್ ಹೋಗುತ್ತದೆ. ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕಾದರೆ ಒಂದು ಸೆಂಟಿಮೀಟರಿನ ಆಸುಪಾಸು.

ಬೆಳಕಿನಿಂದ ಔಷಧಿಯನ್ನು ಎಬ್ಬಿಸುವ ವೈದ್ಯಕ್ಕೆ ಇರುವ ದೊಡ್ಡ ಅಡ್ಡಿ ಇದೇ. ಆ ವೈದ್ಯ ಹೊಸದೇನಲ್ಲ. ಕಾಮಾಲೆ ಬಂದ ಹಸುಗೂಸನ್ನು ನೀಲಿ ಲೈಟಿನ ಕೆಳಗೆ ಮಲಗಿಸುವುದನ್ನು ಎಲ್ಲರೂ ನೋಡಿದ್ದೇವೆ. ಚರ್ಮದಲ್ಲಿರುವ ಬಿಲಿರುಬಿನ್ ಅಣು ಆ ಬೆಳಕು ಕುಡಿದು ಆಕಾರ ಬದಲಿಸುತ್ತದೆ, ಆಮೇಲೆ ಸುಲಭವಾಗಿ ದೇಹದಿಂದ ಹೊರಬೀಳುತ್ತದೆ. ಕ್ಯಾನ್ಸರಿನಲ್ಲಿ ಇದರ ದಾಯಾದಿಯೊಂದಿದೆ, ಫೋಟೋಡೈನಮಿಕ್ ಚಿಕಿತ್ಸೆ. ಬೆಳಕು ಹೀರುವ ಔಷಧಿಯನ್ನು ಮೊದಲು ಕೊಡುತ್ತಾರೆ, ಅದು ಗಡ್ಡೆ ಸೇರಿದ ಮೇಲೆ ಕೆಂಪು ಲೇಸರ್ ಹಾಯಿಸುತ್ತಾರೆ. ಔಷಧಿ ತಾನು ಹೀರಿದ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ, ಕೆರಳಿದ ಆ ಆಮ್ಲಜನಕ ಜೀವಕೋಶವನ್ನು ಸುಡುತ್ತದೆ. ಚರ್ಮ, ಬಾಯಿ, ಅನ್ನನಾಳದಂಥ ಬೆಳಕು ಮುಟ್ಟುವ ಜಾಗಗಳಲ್ಲಿ ಇದು ನಡೆಯುತ್ತದೆ. ಕವಳ ಹಾಕುವವರ ಕೆನ್ನೆಯ ಒಳಮೈಯಲ್ಲಿ ಶುರುವಾಗುವ ತೆಳ್ಳನೆಯ ಗಾಯಗಳಿಗೂ ಇದನ್ನು ಪ್ರಯತ್ನಿಸಿದ್ದಾರೆ. ಮೇದೋಜೀರಕದ ಹಿಂದೆ ಅಡಗಿದ ಗಡ್ಡೆಗೆ ಹೊರಗಿನ ಲೇಸರ್ ತಲುಪುವುದಿಲ್ಲ, ಅಲ್ಲಿಗೆ ಸೂಜಿಯಲ್ಲಿ ಫೈಬರ್ ತೂರಿಸಬೇಕು. ಗಡ್ಡೆ ಹತ್ತು ಕಡೆ ಹರಡಿದ್ದರೆ ಆ ದಾರಿಯೂ ಇಲ್ಲ.

ಹೊರಗಿನ ಬೆಳಕು ಒಳಗೆ ಹೋಗದಿದ್ದರೆ ಬೆಳಕು ಒಳಗೇ ಹುಟ್ಟಲಿ ಎಂಬ ಯೋಚನೆ ಇಲ್ಲಿಂದ ಹೊರಡುತ್ತದೆ. ಪೆಟ್ ಸ್ಕ್ಯಾನಿಗೆಂದು, ಯಕೃತ್ತಿನ ಗಡ್ಡೆಯ ಚಿಕಿತ್ಸೆಗೆಂದು ನಾವು ದೇಹಕ್ಕೆ ಹಾಕುವ ವಿಕಿರಣ ಐಸೋಟೋಪುಗಳು, ಅಂದರೆ ತಾವಾಗಿ ಒಡೆದು ವಿಕಿರಣ ಬಿಡುವ ಪರಮಾಣುಗಳು, ಗಡ್ಡೆಯನ್ನು ಹುಡುಕಿಕೊಂಡು ಹೋಗಿ ಕೂರುತ್ತವೆ. ಅವುಗಳಲ್ಲಿ ಕೆಲವು ಅಲ್ಲಿ ನಿಜವಾಗಿಯೂ ನೀಲಿ ಬೆಳಕು ಬಿಡುತ್ತವೆ. ಆ ಬೆಳಕಿನಲ್ಲಿ ಔಷಧಿ ಎದ್ದೀತೇ? ಏಳಬಹುದು. ಎಷ್ಟು ಏಳುತ್ತದೆ ಎಂಬ ಲೆಕ್ಕ ಹಾಕಿದಾಗ ಮಾತ್ರ ಕಥೆ ಬೇರೆ ಕಡೆ ತಿರುಗುತ್ತದೆ.

ಕೈಗಾದ ಕೊಳದ ನೀಲಿ

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಈ ಬೆಳಕು ತೀರಾ ದೂರದ್ದಲ್ಲ. ಕದ್ರಾ ಅಣೆಕಟ್ಟೆಯ ಹಿನ್ನೀರಿನ ದಂಡೆಯಲ್ಲಿ ಕೈಗಾದ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳಿವೆ. ಇಂಥ ಸ್ಥಾವರಗಳಲ್ಲಿ ಉರಿದು ಮುಗಿದ ಇಂಧನದ ಕಟ್ಟುಗಳನ್ನು ಆಳವಾದ ನೀರಿನ ಕೊಳದಲ್ಲಿ ಇಡುತ್ತಾರೆ. ಈಗಷ್ಟೇ ಹೊರತೆಗೆದ ಕಟ್ಟಿನ ಸುತ್ತ ನೀರು ತಿಳಿನೀಲಿಯಾಗಿ ಬೆಳಗುತ್ತದೆ, ದಿನ ಕಳೆದಂತೆ ಮಂಕಾಗುತ್ತದೆ. ರಿಯಾಕ್ಟರುಗಳನ್ನು ತಪಾಸಣೆ ಮಾಡುವ ಅಂತರರಾಷ್ಟ್ರೀಯ ತಂಡಗಳು ಈ ಹೊಳಪನ್ನೇ ಕ್ಯಾಮೆರಾದಲ್ಲಿ ಹಿಡಿದು, ಕೊಳದಲ್ಲಿರುವುದು ನಿಜವಾದ ಇಂಧನವೇ ಎಂದು ಖಾತ್ರಿಪಡಿಸಿಕೊಳ್ಳುತ್ತವೆ.

ಕಾರವಾರದ ಕಡಲಿನಲ್ಲಿ ಒಮ್ಮೊಮ್ಮೆ ರಾತ್ರಿ ತೆರೆ ಒಡೆದಾಗ ಮಿಂಚುವ ನೀಲಿಗೂ ಇದಕ್ಕೂ ಸಂಬಂಧವಿಲ್ಲ. ಅದು ನಾಕ್ಟಿಲೂಕಾ ಎಂಬ ಸೂಕ್ಷ್ಮಜೀವಿ ತನ್ನೊಳಗಿನ ರಾಸಾಯನಿಕ ಕ್ರಿಯೆಯಿಂದ ಬಿಡುವ ಬೆಳಕು. ಕೊಳದ ನೀಲಿಗೆ ಕಾರಣ ವೇಗ.

ನಿರ್ವಾತದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡಿದರೆ, ನೀರಿನಲ್ಲಿ ಸುಮಾರು ಎರಡೂಕಾಲು ಲಕ್ಷ. ನಿರ್ವಾತದ ಬೆಳಕನ್ನು ಯಾವುದೂ ಹಿಂದಿಕ್ಕಲಾರದು. ಆದರೆ ನೀರಿನಲ್ಲಿ ನಿಧಾನವಾದ ಬೆಳಕನ್ನು ಒಂದು ಚುರುಕಾದ ಎಲೆಕ್ಟ್ರಾನ್ ಹಿಂದಿಕ್ಕಬಹುದು. ಕಾಳಿ ಸೇತುವೆಯ ಮೇಲೆ ನಿಂತು, ಅಳಿವೆಯ ಕಡೆ ಹೊರಟ ಬೋಟನ್ನು ನೋಡಿದರೆ ಅದರ ಹಿಂದೆ ನೇಗಿಲ ಗೆರೆಯಂತೆ ಎರಡು ಕಡೆ ತೆರೆ ಬಿಚ್ಚಿಕೊಳ್ಳುವುದು ಕಾಣುತ್ತದೆ. ಬೋಟು ತಾನು ಎಬ್ಬಿಸಿದ ಅಲೆಗಿಂತ ಮುಂದೆ ಓಡುತ್ತಿದೆ, ಅಲೆಗಳು ಒಂದರ ಮೇಲೊಂದು ಕೂಡಿಕೊಂಡು ಏಣುಗಟ್ಟುತ್ತವೆ. (ನೀರಿನ ಅಲೆಯ ಗಣಿತ ಇದಕ್ಕಿಂತ ಜಟಿಲ. ಶಬ್ದವನ್ನು ಮೀರಿ ಹಾರುವ ಜೆಟ್ ವಿಮಾನದ ಗುಡುಗು ಇನ್ನೂ ಹತ್ತಿರದ ಹೋಲಿಕೆ.) ಎಲೆಕ್ಟ್ರಾನ್ ಎಬ್ಬಿಸುವ ಇಂಥ ಏಣು ನೀಲಿ ಬೆಳಕಾಗಿ ಕಾಣುತ್ತದೆ. ಇದನ್ನು ರಷ್ಯಾದ ಪಾವೆಲ್ ಚೆರೆಂಕೋವ್ 1934ರಲ್ಲಿ ವರದಿ ಮಾಡಿದರು. ಅಳೆಯುವ ಸಲಕರಣೆ ಅವರ ಕಣ್ಣೇ ಆಗಿತ್ತು. ಪ್ರಯೋಗಕ್ಕೆ ಮೊದಲು ಒಂದು ಗಂಟೆಯಷ್ಟು ಹೊತ್ತು ಕತ್ತಲೆಯಲ್ಲಿ ಕುಳಿತು ಕಣ್ಣು ಪಳಗಿಸಿಕೊಳ್ಳುತ್ತಿದ್ದರು. ಫ್ರಾಂಕ್ ಮತ್ತು ಟಾಮ್ 1937ರಲ್ಲಿ ಇದರ ಸಿದ್ಧಾಂತ ಕೊಟ್ಟರು, ಮೂವರಿಗೂ 1958ರಲ್ಲಿ ನೊಬೆಲ್ ಬಂತು. ಬೆಳಕು ತೀರಾ ಮಂಕು ಎಂಬುದು ಆ ಕತ್ತಲೆಕೋಣೆಯಲ್ಲೇ ಗೊತ್ತಾಗಿತ್ತು ಎನ್ನಬೇಕು.

ಬೆಳಕು ಹುಟ್ಟಲು ಎಲೆಕ್ಟ್ರಾನಿಗೆ ಒಂದು ಕನಿಷ್ಠ ಶಕ್ತಿ ಬೇಕು. ನೀರಿನಲ್ಲಿ ಅದು ಸುಮಾರು 264 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಮೈಯ ಮಾಂಸದಲ್ಲಿ ಬೆಳಕು ಇನ್ನಷ್ಟು ನಿಧಾನ, ಹಾಗಾಗಿ ಹೊಸ್ತಿಲು 220ರಿಂದ 245ರ ನಡುವೆ ಬರುತ್ತದೆ. ಹೊಸ್ತಿಲಿಗಿಂತ ಒಂದು ಕೂದಲೆಳೆ ಕಡಿಮೆಯಾದರೂ ಸೊನ್ನೆ. ಯಾವ ಐಸೋಟೋಪು ಬೆಳಗುತ್ತದೆ, ಯಾವುದು ಬೆಳಗುವುದಿಲ್ಲ ಎನ್ನುವುದನ್ನು ಈ ಒಂದು ಸಂಖ್ಯೆಯೇ ನಿರ್ಧರಿಸುತ್ತದೆ.

ಎಲುಬಿನ ಸ್ಕ್ಯಾನಿಗೆ, ಹೃದಯದ ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂ-99ಎಂ ಬಿಡುವ ಗಾಮಾ ಕಿರಣದ ಶಕ್ತಿ 140 ಮಾತ್ರ. ಅದು ತಳ್ಳಿದ ಎಲೆಕ್ಟ್ರಾನು ಹೊಸ್ತಿಲ ಹತ್ತಿರವೂ ಬರುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ಈಗ ಹೆಸರು ಮಾಡಿರುವ ಲ್ಯುಟೀಷಿಯಂ-177ರ ಬೀಟಾ ಕಣದ (ಪರಮಾಣು ಒಡೆದಾಗ ಸಿಡಿಯುವ ಎಲೆಕ್ಟ್ರಾನಿನ) ಗರಿಷ್ಠ ಶಕ್ತಿ 497, ಸರಾಸರಿ 134. ಹೊಸ್ತಿಲು ದಾಟುವವು ಕೆಲವೇ, ದಾಟಿದವೂ ಬೇಗ ಸುಸ್ತಾಗುತ್ತವೆ. ಹತ್ತು ಪರಮಾಣು ಒಡೆದರೆ ಒಂದೆರಡು ಫೋಟಾನ್, ಅಂದರೆ ಬೆಳಕಿನ ಕಣ, ಸಿಕ್ಕರೆ ಹೆಚ್ಚು. ಆಲ್ಫಾ ಕಣಗಳಂತೂ ಎಷ್ಟೇ ಶಕ್ತಿ ಹೊತ್ತರೂ ಮೈ ಭಾರ. ಬೆಳಕಿನ ವೇಗದ ಇಪ್ಪತ್ತನೆಯ ಒಂದು ಪಾಲಿನ ಆಸುಪಾಸು ಓಡುತ್ತವೆ, ನೇರವಾಗಿ ಈ ಬೆಳಕು ಬಿಡುವುದೇ ಇಲ್ಲ. ಪೆಟ್ ಸ್ಕ್ಯಾನಿನ ಸಕ್ಕರೆ, ಅಂದರೆ ಎಫ್‌ಡಿಜಿಯಲ್ಲಿರುವ ಫ್ಲೋರಿನ್-18ರ ಪಾಸಿಟ್ರಾನಿಗೆ (ಧನ ವಿದ್ಯುತ್ತಿನ ಎಲೆಕ್ಟ್ರಾನಿಗೆ) ಗರಿಷ್ಠ 634, ಸರಾಸರಿ 250. ಇದು ಹೊಸ್ತಿಲ ಮೇಲೇ ನಿಂತಿದೆ, ಒಂದು ವಿಘಟನೆಗೆ, ಅಂದರೆ ಒಂದು ಪರಮಾಣು ಒಡೆದರೆ, ಒಂದರಿಂದ ಮೂರು ಫೋಟಾನ್ ಅಷ್ಟೆ. ಗ್ಯಾಲಿಯಂ-68ರ ಪಾಸಿಟ್ರಾನ್ 1,899ರವರೆಗೆ ಏರುತ್ತದೆ, ಸುಮಾರು ಮೂವತ್ತು ಫೋಟಾನ್. ಯಕೃತ್ತಿನ ಗಡ್ಡೆಗೆ ಬಳಸುವ ಇಟ್ರಿಯಂ-90ರ ಬೀಟಾ 2,280ರವರೆಗೆ, ಸುಮಾರು ಐವತ್ತು ಫೋಟಾನ್. ಬೆಳಕಿನ ಮಟ್ಟಿಗೆ ಇಟ್ರಿಯಂ ರಾಜ, ಗ್ಯಾಲಿಯಂ ಮಂತ್ರಿ, ಉಳಿದವು ಪರಿವಾರ.

ಬಣ್ಣದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಈ ಬೆಳಕು ತರಂಗ ಚಿಕ್ಕದಾದಷ್ಟೂ ಹೆಚ್ಚು ಹುಟ್ಟುತ್ತದೆ. 700 ನ್ಯಾನೋಮೀಟರಿನ ಕೆಂಪು ಒಂದು ಪಾಲು ಇದ್ದರೆ 400ರ ನೇರಳೆ ಮೂರು ಪಾಲು, ಅತಿನೇರಳೆ ಇನ್ನೂ ಹೆಚ್ಚು. ಔಷಧಿ ಬಿಚ್ಚಲು ಇದು ಒಳ್ಳೆಯದೇ, ಏಕೆಂದರೆ ಬೀಗ ಹಾಕಿದ ಔಷಧಿಗಳಲ್ಲಿ (ಬೆಳಕು ಬಿದ್ದಾಗ ಮಾತ್ರ ಕೆಲಸಕ್ಕೆ ಬರುವಂತೆ ಮುಚ್ಚಿಟ್ಟ ಅಣುಗಳಲ್ಲಿ) ಹೆಚ್ಚಿನವು 365 ನ್ಯಾನೋಮೀಟರಿನ ಅಕ್ಕಪಕ್ಕದ ಬೆಳಕಿಗೆ ಬಿಚ್ಚಿಕೊಳ್ಳುವಂಥವು. ಫೋಟೋಡೈನಮಿಕ್ ಚಿಕಿತ್ಸೆಯ ಪೋರ್ಫಿರಿನ್ ಜಾತಿಯ ಔಷಧಿಗಳೂ 405ರ ಹತ್ತಿರ ಅತಿ ಹೆಚ್ಚು ಹೀರುತ್ತವೆ. ಆದರೆ ರಕ್ತದ ಹಿಮೋಗ್ಲೋಬಿನ್ ಕೂಡ ಅದೇ ಜಾತಿಯ ಅಣು. ಅದಕ್ಕೂ ಅದೇ ಬೆಳಕೇ ಬೇಕು.

ಲೆಕ್ಕಪತ್ರ

ಎಪ್ಪತ್ತು ಕಿಲೋ ತೂಕದ ಒಬ್ಬರಿಗೆ ಪೆಟ್ ಸ್ಕ್ಯಾನಿಗೆಂದು 370 ಮೆಗಾಬೆಕ್ವೆರೆಲ್ (ಸೆಕೆಂಡಿಗೆ 37 ಕೋಟಿ ಪರಮಾಣು ಒಡೆಯುವಷ್ಟು) ಎಫ್‌ಡಿಜಿ ಕೊಟ್ಟರು ಎಂದುಕೊಳ್ಳಿ. ಮೈಯ ಸರಾಸರಿಗಿಂತ ಹತ್ತು ಪಟ್ಟು ಹೆಚ್ಚು ಸಕ್ಕರೆ ಎಳೆದುಕೊಳ್ಳುವ ಗಡ್ಡೆಯ ಒಂದು ಗ್ರಾಮಿನಲ್ಲಿ ಸೆಕೆಂಡಿಗೆ ಸುಮಾರು 53 ಸಾವಿರ ಪರಮಾಣು ಒಡೆಯುತ್ತವೆ. ಅರ್ಧದಷ್ಟು ಪರಮಾಣು ಒಡೆಯಲು ಬೇಕಾದ ಹೊತ್ತು, ಅಂದರೆ ಅರ್ಧಾಯುಷ್ಯ, 110 ನಿಮಿಷ, ಹಾಗಾಗಿ ಎಲ್ಲ ಮುಗಿಯುವ ಹೊತ್ತಿಗೆ ಒಟ್ಟು 50 ಕೋಟಿ ವಿಘಟನೆ. ತಲೆಗೆ ಎರಡರಂತೆ 100 ಕೋಟಿ ಫೋಟಾನ್. ಕೇಳುವುದಕ್ಕೆ ದೊಡ್ಡದು. ಜೌಲಿಗೆ ತಂದರೆ ಅರ್ಧ ನ್ಯಾನೋಜೌಲೂ ಇಲ್ಲ. ಲೇಸರ್ ಹಾಯಿಸುವ ವೈದ್ಯರು ಒಂದು ಚದರ ಸೆಂಟಿಮೀಟರಿಗೆ ಕೊಡುವುದು ನೂರು ಜೌಲಿನ ಲೆಕ್ಕದಲ್ಲಿ. ನಡುವಿನ ಅಂತರ 25 ಸಾವಿರ ಕೋಟಿ ಪಟ್ಟು. ಒಂದು ತೂಕದ ಲೆಕ್ಕ, ಇನ್ನೊಂದು ಮೇಲ್ಮೈ ಲೆಕ್ಕ, ಹೋಲಿಕೆ ಒರಟು ಎಂದು ಯಾರಾದರೂ ಹೇಳಬಹುದು. ಹತ್ತು ಪಟ್ಟು, ನೂರು ಪಟ್ಟು ರಿಯಾಯಿತಿ ಕೊಟ್ಟರೂ ಈ ಕಂದಕ ಮುಚ್ಚುವುದಿಲ್ಲ.

ರಾಜನನ್ನೇ ಕರೆಯೋಣ. ಯಕೃತ್ತಿನ ಗಡ್ಡೆಗೆ ಇಟ್ರಿಯಂ-90 ಮಣಿಗಳಿಂದ 100 ಗ್ರೇ (ಕಿಲೋಗೆ 100 ಜೌಲ್) ವಿಕಿರಣ ಕೊಟ್ಟರೆ ಒಂದು ಗ್ರಾಮಿನಲ್ಲಿ ಸುಮಾರು 67 ಸಾವಿರ ಕೋಟಿ ವಿಘಟನೆ ಆಗಿರಬೇಕು. ಐವತ್ತರಂತೆ 33 ಲಕ್ಷ ಕೋಟಿ ಫೋಟಾನ್, ಶಕ್ತಿಯಲ್ಲಿ ಸುಮಾರು 15 ಮೈಕ್ರೋಜೌಲ್. ಎಫ್‌ಡಿಜಿಗಿಂತ ಮೂವತ್ತು ಸಾವಿರ ಪಟ್ಟು ಹೆಚ್ಚು, ಲೇಸರಿಗಿಂತ ಈಗಲೂ ಎಪ್ಪತ್ತು ಲಕ್ಷ ಪಟ್ಟು ಕಡಿಮೆ. ಈ ಬೆಳಕು ಬೀಟಾ ಕಣ ಗಡ್ಡೆಯಲ್ಲಿ ಬಿಟ್ಟುಹೋದ ಒಟ್ಟು ಶಕ್ತಿಯ ಏಳು ಸಾವಿರದಲ್ಲೊಂದು ಪಾಲು ಮಾತ್ರ ಎಂಬುದನ್ನೂ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಔಷಧಿ ಕಡೆಯ ಲೆಕ್ಕ. ಒಂದು ಗ್ರಾಂ ಗಡ್ಡೆಯಲ್ಲಿ ಒಂದು ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ಔಷಧಿ ಇದೆ ಎಂದರೆ ಸುಮಾರು 600 ಲಕ್ಷ ಕೋಟಿ ಅಣು. ಒಂದು ಫೋಟಾನ್ ಹೆಚ್ಚೆಂದರೆ ಒಂದು ಅಣುವಿನ ಬೀಗ ತೆಗೆಯುತ್ತದೆ. ಒಂದೂ ಪೋಲಾಗದೆ ಎಲ್ಲ ಫೋಟಾನುಗಳೂ ಗುರಿ ಮುಟ್ಟಿದರೂ ನೂರರಲ್ಲಿ ಐದಾರು ಅಣು ಬಿಚ್ಚಿಕೊಳ್ಳುತ್ತವೆ. ಪೋಲಾಗದೇ ಇರುವುದು ಮಾತ್ರ ಸಾಧ್ಯವಿಲ್ಲ. ಗಡ್ಡೆಯ ಗಾತ್ರದಲ್ಲಿ ನೂರಕ್ಕೆ ಎರಡರಷ್ಟು ರಕ್ತ ಇದ್ದರೂ, ನೇರಳೆ-ನೀಲಿ ಬೆಳಕಿನಲ್ಲಿ ಸಾವಿರ ಫೋಟಾನಿಗೆ ಒಂದೋ ಎರಡೋ ಔಷಧಿಗೆ ಸಿಗುತ್ತವೆ, ಉಳಿದದ್ದು ಹಿಮೋಗ್ಲೋಬಿನ್ ಪಾಲು. ಸಿಕ್ಕಿದ್ದರಲ್ಲೂ ಹತ್ತಕ್ಕೆ ಒಂದು ಬೀಗ ತೆರೆದರೆ ಅದನ್ನು ಒಳ್ಳೆಯ ರಸಾಯನ ಎನ್ನುತ್ತಾರೆ. ಕೊನೆಗೆ ಬಿಚ್ಚಿಕೊಂಡ ಅಣುಗಳನ್ನು ಸಾಂದ್ರತೆಗೆ ತಿರುಗಿಸಿದರೆ ಒಂದು ನ್ಯಾನೋಮೋಲಾರಿನ ನೂರನೆಯ ಒಂದು ಪಾಲಿನ ಆಸುಪಾಸು. ಮಾಮೂಲಿ ಕೀಮೋ ಔಷಧಿಗೆ ಇದು ಏನೇನೂ ಅಲ್ಲ. ನ್ಯಾನೋಮೋಲಾರ್ ಮಟ್ಟದಲ್ಲಿ, ಅದಕ್ಕಿಂತ ಕೆಳಗೂ ಕೋಶ ಕೊಲ್ಲುವ ಆರಿಸ್ಟಾಟಿನ್ ಜಾತಿಯ ಕಡುವಿಷಗಳಿಗೆ ಮಾತ್ರ, ಅದೂ ರಕ್ತ ಕಡಿಮೆ ಇರುವ ಗಡ್ಡೆಯಲ್ಲಿ, ಲೆಕ್ಕ ಗಡಿಯ ಹತ್ತಿರ ಬರುತ್ತದೆ.

ಇಲ್ಲೊಂದು ವ್ಯಂಗ್ಯ ಇದೆ. ಅತಿ ಹೆಚ್ಚು ಬೆಳಕು ಬಿಡುವ ಇಟ್ರಿಯಂ ಮಣಿಗಳನ್ನು ಈಗ ಇಡುತ್ತಿರುವುದು ಯಕೃತ್ತಿನಲ್ಲಿ. ದೇಹದಲ್ಲಿ ಅಷ್ಟು ರಕ್ತ ತುಂಬಿದ, ನೀಲಿ ಬೆಳಕಿಗೆ ಅಷ್ಟು ಕತ್ತಲೆಯಾದ ಅಂಗ ಇನ್ನೊಂದು ಸಿಗುವುದು ಕಷ್ಟ.

ಐಸೋಟೋಪನ್ನೂ ಔಷಧಿಯನ್ನೂ ಒಂದೇ ನ್ಯಾನೋಕಣಕ್ಕೆ ಅಂಟಿಸಿದರೆ ಬೆಳಕು ಪಕ್ಕದಲ್ಲೇ ಹುಟ್ಟಿ ಪಕ್ಕದಲ್ಲೇ ಖರ್ಚಾಗುತ್ತದಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಈ ವಿಷಯದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಬೆಳಕು ಪರಮಾಣು ಒಡೆದ ಜಾಗದಲ್ಲಿ ಹುಟ್ಟುವುದಿಲ್ಲ, ಎಲೆಕ್ಟ್ರಾನು ಓಡಿದ ದಾರಿಯುದ್ದಕ್ಕೂ ಹುಟ್ಟುತ್ತದೆ. ಇಟ್ರಿಯಂನ ಬೀಟಾ ಸರಾಸರಿ ಎರಡೂವರೆ ಮಿಲಿಮೀಟರ್, ಗರಿಷ್ಠ 11 ಮಿಲಿಮೀಟರ್ ಓಡುತ್ತದೆ. ಕಣದ ಅಗಲ ನೂರು ನ್ಯಾನೋಮೀಟರ್, ಅಂದರೆ ಆ ದಾರಿಯ ಇಪ್ಪತ್ತೈದು ಸಾವಿರದಲ್ಲೊಂದು ಪಾಲು. ಬೋಟು ಕಟ್ಟಿದ ಧಕ್ಕೆಯ ಹತ್ತಿರ ತೆರೆ ಏಳುವುದಿಲ್ಲ, ಓಡುವ ದಾರಿಯಲ್ಲಿ ಏಳುತ್ತದೆ. ಹಾಗಾಗಿ ಬೆಳಕನ್ನೇ ನಂಬುವುದಾದರೆ ಔಷಧಿ ಗಡ್ಡೆಯ ತುಂಬ ಹರಡಿರಬೇಕು. ಐಸೋಟೋಪಿನ ಮೈಗೆ ಅಂಟಿಕೊಂಡಿದ್ದು ಹೆಚ್ಚೇನೂ ಗಿಟ್ಟುವುದಿಲ್ಲ.

ಅಂಟಿಸದೇ ಇರುವುದರಲ್ಲಿ ಒಂದು ಲಾಭವೂ ಇದೆ. ಬ್ಯಾಂಕಿನ ಲಾಕರಿನಂತೆ ಎರಡು ಕೀ ಆಗುತ್ತವೆ, ಒಂದು ಐಸೋಟೋಪಿನದು, ಒಂದು ಔಷಧಿಯದು. ಎಫ್‌ಡಿಜಿ ಗಡ್ಡೆಗೆ ಹೋಗುವುದರ ಜೊತೆಗೆ ಮಿದುಳಿಗೆ, ಹೃದಯಕ್ಕೆ ಹೋಗುತ್ತದೆ, ಮೂತ್ರಕೋಶದಲ್ಲಿ ತುಂಬಿಕೊಳ್ಳುತ್ತದೆ. ಔಷಧಿ ತನ್ನ ಸ್ವಭಾವದಂತೆ ಬೇರೆ ಅಂಗಗಳಿಗೆ ಹೋಗುತ್ತದೆ. ಎರಡೂ ಕೂಡುವ ಜಾಗ ಗಡ್ಡೆ ಒಂದೇ ಆಗುವಂತೆ ಜೋಡಿ ಆರಿಸಿದರೆ ಉಳಿದ ಅಂಗ ಬಚಾವು. ಬೆಳಕು ಎಷ್ಟೇ ಕಡಿಮೆ ಇದ್ದರೂ ಸಂಶೋಧಕರು ಈ ಯೋಚನೆಯನ್ನು ಬಿಡದಿರಲು ಮುಖ್ಯ ಕಾರಣ ಇದು.

ಹಾಗಿದ್ದರೆ ಇಲಿಗಳಲ್ಲಿ ಕೆಲಸ ಮಾಡಿದ್ದು ಹೇಗೆ?

ಪ್ರಯೋಗಗಳು ಗೆದ್ದಿವೆ ಎಂಬುದು ಸುಳ್ಳಲ್ಲ. 2009ರಲ್ಲಿ ಇಲಿಯೊಳಗಿನ ಐಸೋಟೋಪಿನ ಈ ಬೆಳಕನ್ನು ಕತ್ತಲೆ ಪೆಟ್ಟಿಗೆಯ ಕ್ಯಾಮೆರಾದಲ್ಲಿ ಚಿತ್ರ ಹಿಡಿದರು. 2012ರಲ್ಲಿ ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯ ತಂಡ ಬೀಗ ಹಾಕಿದ ಲೂಸಿಫೆರಿನ್ ಎಂಬ ಅಣುವನ್ನು ಎಫ್‌ಡಿಜಿಯಿಂದ ಬಿಚ್ಚಿ ತೋರಿಸಿತು. ಲೂಸಿಫೆರಿನ್ ಬಿಚ್ಚಿದರೆ ಮಿಂಚುಹುಳದಂತೆ ಬೆಳಗುತ್ತದೆ, ಕೆಲವೇ ಅಣು ಬಿಚ್ಚಿದರೂ ಕ್ಯಾಮೆರಾ ಹಿಡಿಯುತ್ತದೆ. ಪತ್ತೆ ಮಾಡಲು ಅಷ್ಟು ಸಾಕು, ಕೋಶ ಕೊಲ್ಲಲು ಅಷ್ಟು ಸಾಕು ಎಂದು ಅದರಿಂದ ತೀರ್ಮಾನಿಸುವಂತಿಲ್ಲ. 2015ರಲ್ಲಿ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಾಮ್ಯುಯೆಲ್ ಅಚಿಲೆಫು ಅವರ ತಂಡ ಟೈಟೇನಿಯಂ ಡೈಆಕ್ಸೈಡ್ ಕಣಗಳಿಗೆ ಟ್ರಾನ್ಸ್‌ಫೆರಿನ್ ಎಂಬ ರಕ್ತದ ಪ್ರೋಟೀನು ಲೇಪಿಸಿ ಎಫ್‌ಡಿಜಿ ಜೊತೆ ಕೊಟ್ಟಾಗ ಇಲಿಗಳ ಗಡ್ಡೆ ಕುಗ್ಗಿದ್ದು ದೊಡ್ಡ ಸುದ್ದಿಯಾಯಿತು. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿರುವ ವಸ್ತುವೇ ಟೈಟೇನಿಯಂ ಡೈಆಕ್ಸೈಡ್. ಅತಿನೇರಳೆ ಬೆಳಕು ಬಿದ್ದರೆ ಆಮ್ಲಜನಕ ಬೇಡದೆಯೂ, ಪಕ್ಕದ ಅಣುಗಳನ್ನು ಕೆಡಿಸುವ ಚುರುಕಾದ ಅಣುಚೂರುಗಳನ್ನು, ಅಂದರೆ ವಿಷಕಾರಿ ರ‍್ಯಾಡಿಕಲ್‌ಗಳನ್ನು ಮಾಡಬಲ್ಲದು.

ಬೆಳಕು ಇಷ್ಟು ಕಡಿಮೆ ಇರುವಾಗ ಇಷ್ಟು ಪರಿಣಾಮ ಎಲ್ಲಿಂದ ಬಂತು? ನಮ್ಮ ಅಭಿಪ್ರಾಯದಲ್ಲಿ ಬಹಳಷ್ಟು ಪ್ರಯೋಗಗಳಲ್ಲಿ ಕೆಲಸ ಮಾಡಿದ್ದು ನೀಲಿ ಬೆಳಕಲ್ಲ, ಬೀಟಾ ಕಣ ಬಿಟ್ಟುಹೋದ ಆ ಉಳಿದ ಏಳು ಸಾವಿರ ಪಾಲು. ಅದು ನೀರನ್ನು ಒಡೆಯುತ್ತದೆ. ಪ್ರತಿ 100 ಎಲೆಕ್ಟ್ರಾನ್‌ವೋಲ್ಟ್ ಶಕ್ತಿಗೆ ಎರಡೂವರೆಗಿಂತ ತುಸು ಹೆಚ್ಚು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು, ಹೆಚ್ಚುಕಡಿಮೆ ಅಷ್ಟೇ ನೀರಲ್ಲಿ ತೇಲುವ ಬಿಡಿ ಎಲೆಕ್ಟ್ರಾನುಗಳು ಹುಟ್ಟುತ್ತವೆ. ಇಟ್ರಿಯಂನ ಒಂದು ವಿಘಟನೆಯಿಂದ ಐವತ್ತು ಫೋಟಾನ್ ಸಿಗುವಲ್ಲಿ ಸುಮಾರು 25 ಸಾವಿರ ರ‍್ಯಾಡಿಕಲ್ ಸಿಗುತ್ತವೆ. ಐನೂರು ಪಟ್ಟು. ಅವುಗಳಲ್ಲಿ ಹೆಚ್ಚಿನವನ್ನು ಕೋಶದ ಪ್ರೋಟೀನು, ಆಮ್ಲಜನಕ ಮೈಕ್ರೋಸೆಕೆಂಡಿನೊಳಗೆ ನುಂಗುತ್ತವೆ ಎನ್ನುವುದು ನಿಜ, ಆದರೂ ಪೈಪೋಟಿಯಲ್ಲಿ ಬೆಳಕು ಹಿಂದೆ ಬೀಳುತ್ತದೆ. ಕೆಲವರು ಬೆಳಕಿನ ಹಂಗೇ ಬೇಡ ಎಂದು, ಬಿಡಿ ಎಲೆಕ್ಟ್ರಾನ್ ತಾಗಿದರೆ ಕಳಚುವ ಬೀಗಗಳನ್ನು ಔಷಧಿಗೆ ಹಾಕುತ್ತಿದ್ದಾರೆ. ಪ್ಲಾಟಿನಂ ಇರುವ ಕೆಲವು ಸಂಯುಕ್ತಗಳು ಹೀಗೆ ಬಿಚ್ಚಿಕೊಳ್ಳುತ್ತವೆ. ಈ ದಾರಿಯೇ ಮೊದಲು ಊರು ಮುಟ್ಟಬಹುದು ಎಂದು ನಮಗನಿಸುತ್ತದೆ.

ಇನ್ನೊಂದು ದಾರಿ ಸಿಂಟಿಲೇಟರ್, ವಿಕಿರಣ ಬಡಿದರೆ ಹೊಳೆಯುವ ಹರಳು. ಗಾಮಾ ಕ್ಯಾಮೆರಾದ ಹೊಟ್ಟೆಯಲ್ಲಿರುವ ಸೋಡಿಯಂ ಅಯೋಡೈಡ್ ಹರಳು ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟಿಗೆ ಸುಮಾರು 38 ಸಾವಿರ ಫೋಟಾನ್ ಬಿಡುತ್ತದೆ. ಬಣ್ಣವನ್ನೂ ನಮಗೆ ಬೇಕಾದಂತೆ ಕೆಂಪಿನ ಕಡೆಗೆ ಆರಿಸಿಕೊಳ್ಳಬಹುದು. ತೊಡಕು ಗಾತ್ರದ್ದು. ಐವತ್ತು ನ್ಯಾನೋಮೀಟರಿನ ಕಣವನ್ನು ಬೀಟಾ ದಾಟಿಹೋಗುವಾಗ ಅದರಲ್ಲಿ ಬಿಡುವುದು ಹತ್ತಿಪ್ಪತ್ತು ಎಲೆಕ್ಟ್ರಾನ್‌ವೋಲ್ಟ್ ಅಷ್ಟೆ, ಒಂದು ಫೋಟಾನಿಗೂ ಭರವಸೆ ಇಲ್ಲ. ಲೆಕ್ಕ ಕೂಡಬೇಕಾದರೆ ಗಡ್ಡೆಯ ತೂಕದಲ್ಲಿ ಗಣನೀಯ ಪಾಲು ಹರಳೇ ಆಗಬೇಕು. ಅಷ್ಟು ಭಾರಲೋಹವನ್ನು ದೇಹದಿಂದ ಹೊರಹಾಕುವ ಬಗೆ ಬೇರೆ ಯೋಚಿಸಬೇಕು.

ಬೆಂಚಿನ ಮೇಲೆ ತಪ್ಪುವ ಕಡೆಗಳು

ಲ್ಯಾಬಿನಲ್ಲಿ ಇದನ್ನು ಪರೀಕ್ಷಿಸುವವರ ದೊಡ್ಡ ಶತ್ರು ಕೋಣೆಯ ಟ್ಯೂಬ್‌ಲೈಟು. ಸಾಧಾರಣ ಓದುವಷ್ಟು ಬೆಳಕಿರುವ, ಸುಮಾರು 300 ಲಕ್ಸಿನ ಕೋಣೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ನೂರು ಮೈಕ್ರೋಜೌಲಿನ ಅಂದಾಜು ಬೀಳುತ್ತದೆ. ಇಟ್ರಿಯಂ ತನ್ನ ಜೀವಮಾನವಿಡೀ ಕೊಡುವ 15 ಮೈಕ್ರೋಜೌಲನ್ನು ಟ್ಯೂಬ್‌ಲೈಟು ಕಣ್ಣು ಮಿಟುಕಿಸುವಷ್ಟರಲ್ಲಿ ಕೊಟ್ಟುಬಿಡುತ್ತದೆ. ಇನ್‌ಕ್ಯುಬೇಟರಿನ ಬಾಗಿಲು ಒಮ್ಮೆ ತೆರೆದು ಮುಚ್ಚಿದರೆ ಪ್ರಯೋಗ ಕೆಟ್ಟಂತೆ. ಹಾಗಾಗಿ ಔಷಧಿ ಕರಗಿಸುವುದರಿಂದ ಕೋಶಗಳನ್ನು ಎಣಿಸುವವರೆಗೆ ಎಲ್ಲವೂ, ಆ ಔಷಧಿ ಹೀರದ ಆಳಗೆಂಪು ದೀಪದಲ್ಲಿ, ಫಾಯಿಲ್ ಸುತ್ತಿದ ಕೊಳವೆಗಳಲ್ಲಿ ನಡೆಯಬೇಕು. ಒಂದು ತಟ್ಟೆಯನ್ನು ಐಸೋಟೋಪು ಹಾಕದೆ, ಉಳಿದೆಲ್ಲ ಹೆಜ್ಜೆಗಳಲ್ಲೂ ಜೊತೆಗೇ ಓಡಾಡಿಸಬೇಕು. ಅದರಲ್ಲೂ ಔಷಧಿ ಬಿಚ್ಚಿದ್ದರೆ ತಪ್ಪು ಕೋಣೆಯದು.

ಎರಡನೆಯದು ತಟ್ಟೆಯ ಪ್ಲಾಸ್ಟಿಕ್. ಪಾಲಿಸ್ಟೈರೀನಿನಲ್ಲಿ ಬೆಳಕು ನೀರಿಗಿಂತ ನಿಧಾನ, ಅಲ್ಲಿ ಹೊಸ್ತಿಲು 146 ಕಿಲೋ ಎಲೆಕ್ಟ್ರಾನ್‌ವೋಲ್ಟಿಗೆ ಇಳಿಯುತ್ತದೆ. ತಟ್ಟೆ ತಾನೇ ಬೆಳಗುತ್ತದೆ, ಪಕ್ಕದ ಗುಳಿಗಳಿಗೂ ಹಂಚುತ್ತದೆ. ಮಾಂಸದಲ್ಲಿ ಇಲ್ಲದ ಈ ಬೆಳಕನ್ನು ಎಣಿಸಿ ಬೀಗಿದರೆ ಇಲಿಯಲ್ಲಿ ಫಲಿತಾಂಶ ಕುಸಿಯುತ್ತದೆ. ಕಪ್ಪು ಗೋಡೆಯ ತಟ್ಟೆ ಬಳಸುವುದು, ಗುಳಿಗಳ ನಡುವೆ ಖಾಲಿ ಸಾಲು ಬಿಡುವುದು ರೂಢಿ. ಕೋಶಗಳ ಆಹಾರದ್ರವಕ್ಕೆ ಹಾಕುವ ಫೀನಾಲ್ ರೆಡ್ ಎಂಬ ಬಣ್ಣ ನೀಲಿಯನ್ನು ನುಂಗುತ್ತದೆ, ಅದಿಲ್ಲದ ದ್ರವವನ್ನೇ ತರಿಸಬೇಕು.

ಮೂರನೆಯದು ಆಮ್ಲ. ಇಟ್ರಿಯಂ ಬರುವುದು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ. ಸರಿಯಾಗಿ ತಟಸ್ಥ ಮಾಡದಿದ್ದರೆ ಕೋಶ ಕೊಂದದ್ದು ಆಮ್ಲ, ಹೆಸರು ಬಂದದ್ದು ಬೆಳಕಿಗೆ. ಇದಕ್ಕೆ ಮದ್ದು ಸುಲಭ: ಅದೇ ದ್ರಾವಣವನ್ನು ಹತ್ತು ಅರ್ಧಾಯುಷ್ಯ ಕಾಯಿಸಿ, ಸತ್ತ ಮೇಲೆ ಹಾಕಿ ನೋಡುವುದು. ಇಟ್ರಿಯಂಗೆ ಇಪ್ಪತ್ತೇಳು ದಿನ, ಎಫ್‌ಡಿಜಿಗೆ ಹದಿನೆಂಟು ಗಂಟೆ.

ಬೆಳಕೋ ರ‍್ಯಾಡಿಕಲ್ಲೋ ಎಂದು ತೀರ್ಮಾನ ಮಾಡುವ ಪರೀಕ್ಷೆ ಇನ್ನೂ ಸರಳ, ಆದರೂ ಹಲವರು ಬಿಡುತ್ತಾರೆ. ಐಸೋಟೋಪಿನ ಗುಳಿ ಮತ್ತು ಔಷಧಿಯ ಗುಳಿಯ ನಡುವೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನಷ್ಟು ತೆಳ್ಳನೆಯ ಹಾಳೆ ಇಡಿ. ಇಟ್ರಿಯಂನ ಬೀಟಾಕ್ಕೆ ಅದು ಇದ್ದೂ ಇಲ್ಲದಂತೆ, ಐಸೋಟೋಪಿನ ಗುಳಿಯ ಬೆಳಕು ಮಾತ್ರ ನಿಲ್ಲುತ್ತದೆ. ಹಾಳೆ ಇಟ್ಟ ಮೇಲೂ ಔಷಧಿ ಅಷ್ಟೇ ಬಿಚ್ಚಿದರೆ ಆ ಬೆಳಕಿನ ಮಾತು ಕೈಬಿಡಬೇಕು. ಹಾಳೆ ದಾಟಿದ ಬೀಟಾ ಔಷಧಿಯ ಗುಳಿಯಲ್ಲೂ ಸ್ವಲ್ಪ ಬೆಳಕು ಹುಟ್ಟಿಸುತ್ತದೆಂಬ ತಕರಾರು ಉಳಿಯುತ್ತದೆ. ಅದಕ್ಕೆ ಲ್ಯುಟೀಷಿಯಂನಂಥ ಹೆಚ್ಚುಕಡಿಮೆ ಬೆಳಗದ ಐಸೋಟೋಪನ್ನು ಅದೇ ಗ್ರೇ ಲೆಕ್ಕದಲ್ಲಿ ಕೊಟ್ಟು ಹೋಲಿಸಬೇಕು. ಬೆಕ್ವೆರೆಲ್ ಸಮ ಮಾಡಿದರೆ ಸಾಲದು, ಗ್ರೇ ಸಮವಾಗಬೇಕು. ಎರಡರಲ್ಲೂ ಒಂದೇ ಫಲ ಬಂದರೆ ಕೆಲಸ ಮಾಡಿದ್ದು ವಿಕಿರಣವೇ.

ಮೈಯಲ್ಲಿ, ಬಿಸಿಲಲ್ಲಿ

ಮನುಷ್ಯರಿಗೆ ಈ ಚಿಕಿತ್ಸೆಯಾಗಿ ಅನುಮೋದನೆ ಸಿಕ್ಕಿದ್ದು ಯಾವುದೂ ಇಲ್ಲ. ಈಗಲೇ ಲಭ್ಯ ಎಂದು ಯಾರಾದರೂ ಜಾಹೀರಾತು ಹಾಕಿದರೆ ದುಡ್ಡು ಕೊಡಬೇಡಿ.

ಮುಂದೆ ಬಂದರೂ ಒಂದು ಪೇಚು ಇದ್ದೇ ಇರುತ್ತದೆ. ಐಸೋಟೋಪಿನ ಚಿಟಿಕೆ ಬೆಳಕಿಗೆ ಏಳುವಷ್ಟು ಸೂಕ್ಷ್ಮವಾದ ಔಷಧಿ ಸೂರ್ಯನ ಎದುರು ಸುಮ್ಮನಿರುತ್ತದೆಯೇ? ಬಿಸಿಲು ಆ ಟ್ಯೂಬ್‌ಲೈಟಿನ ಕೋಣೆಯ ಬೆಳಕಿಗಿಂತ ನೂರಾರು ಪಟ್ಟು. ಈಗ ಬಳಕೆಯಲ್ಲಿರುವ ಪೋರ್ಫಿಮರ್ ಎಂಬ ಔಷಧಿ ಪಡೆದವರಿಗೇ ಕನಿಷ್ಠ ಒಂದು ತಿಂಗಳು ಬಿಸಿಲು ತಾಗಿಸಬೇಡಿ ಎನ್ನುತ್ತಾರೆ. ಮೈ ಮುಚ್ಚಿಕೊಳ್ಳದೆ ಹೊರಬಿದ್ದರೆ ಚರ್ಮ ಬೆಂದುಹೋಗುತ್ತದೆ. ಸನ್‌ಸ್ಕ್ರೀನ್ ಹಚ್ಚಿಕೊಂಡರೂ ಉಪಯೋಗವಿಲ್ಲ, ಅದು ತಡೆಯುವುದು ಅತಿನೇರಳೆಯನ್ನು, ಈ ಔಷಧಿ ಕಣ್ಣಿಗೆ ಕಾಣುವ ಬೆಳಕಿಗೇ ಏಳುತ್ತದೆ. ಏಪ್ರಿಲ್ ತಿಂಗಳಲ್ಲಿ ಕಾರವಾರದ ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸಿಗೋ, ಗದ್ದೆ-ತೋಟದ ಕೆಲಸದವರಿಗೋ ಒಂದು ತಿಂಗಳು ಕಿಟಕಿ ಮುಚ್ಚಿ ಕೂರು ಎಂದರೆ ಅದು ಸಣ್ಣ ಮಾತಲ್ಲ. ಒಂದೆರಡು ದಿನದಲ್ಲಿ ಚರ್ಮದಿಂದ ತೊಳೆದುಹೋಗುವ, ಗಡ್ಡೆಯಲ್ಲಿ ಮಾತ್ರ ಉಳಿಯುವ ಅಣು ಬೇಕು. ಆಮ್ಲಜನಕ ಕೆರಳಿಸುವ ಜಾತಿಯ ಔಷಧಿಗಾದರೆ ಗಡ್ಡೆಯ ನಡುಭಾಗದಲ್ಲಿ ಉಸಿರೇ ಕಡಿಮೆ ಎಂಬ ಸಮಸ್ಯೆಯೂ ಇದೆ. ಬೀಗ ಬಿಚ್ಚುವ ಜಾತಿಗೆ ಆ ತೊಂದರೆ ಇಲ್ಲ.

ಕೊಡುವ ಕ್ರಮವೂ ಅರ್ಧಾಯುಷ್ಯದ ಮೇಲೆ ನಿಂತಿದೆ. ಎಫ್‌ಡಿಜಿ ಚುಚ್ಚಿದ ಮೇಲೆ ಗಡ್ಡೆಯಲ್ಲಿ ಕೂರಲು ಸುಮಾರು ಒಂದು ಗಂಟೆ ಬೇಕು, ಅಷ್ಟರಲ್ಲಿ ಮೂರನೆಯ ಒಂದು ಪಾಲು ಬೆಳಕು ಖರ್ಚಾಗಿರುತ್ತದೆ. ಔಷಧಿ ಅದಕ್ಕಿಂತ ಮೊದಲೇ ಗಡ್ಡೆ ಸೇರಿ ಕಾದಿರಬೇಕು. ಇಟ್ರಿಯಂ ಮಣಿಗಳಿಗೆ 64 ಗಂಟೆಯ ಅರ್ಧಾಯುಷ್ಯ, ಬೆಳಕು ವಾರದುದ್ದಕ್ಕೂ ಸಣ್ಣಗೆ ಬರುತ್ತಿರುತ್ತದೆ. ಅಲ್ಲಿ ಔಷಧಿಯನ್ನು ಒಮ್ಮೆ ಕೊಟ್ಟರೆ ಸಾಲದು, ದಿನಕ್ಕೊಮ್ಮೆ ತುಂಬುತ್ತಿರಬೇಕು.

ರಸ್ತೆಯ ಲೆಕ್ಕ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಿಲ್ಲ. ದೊಡ್ಡ ಚಿಕಿತ್ಸೆಗೆ ಕಾರವಾರ, ಶಿರಸಿಯವರು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವುದು ಇದ್ದದ್ದೇ. ಔಷಧಿಯನ್ನೇ ಇತ್ತ ತರುವುದಾದರೆ ಐದೂವರೆ ಗಂಟೆಯ ಹಾದಿಯಲ್ಲಿ ಎಫ್‌ಡಿಜಿ ಮೂರು ಅರ್ಧಾಯುಷ್ಯ ಕಳೆದು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಅದೇ ಹಾದಿಯಲ್ಲಿ ಇಟ್ರಿಯಂ ಕಳೆದುಕೊಳ್ಳುವುದು ನೂರಕ್ಕೆ ಆರು. ಗ್ಯಾಲಿಯಂ-68ಕ್ಕೆ ಅರ್ಧಾಯುಷ್ಯ 68 ನಿಮಿಷ, ದಾರಿಯಲ್ಲೇ ಮುಗಿಯಬೇಕಿತ್ತು, ಆದರೆ ಅದನ್ನು ಸಾಗಿಸಬೇಕಾಗಿಲ್ಲ. ಅದರ ತಾಯಿ ಜರ್ಮೇನಿಯಂ-68, ಅರ್ಧಾಯುಷ್ಯ 271 ದಿನ. ಸೀಸದ ಕವಚದೊಳಗಿನ ಜನರೇಟರಿನಲ್ಲಿ ತಾಯಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ತೆಳು ಆಮ್ಲ ಹಾಯಿಸಿ ಮಗುವನ್ನು ಮಾತ್ರ ತೊಳೆದು ತೆಗೆಯುತ್ತಾರೆ. ಈ ಕಸುಬಿನವರು ಇದನ್ನು ಹಾಲು ಕರೆಯುವುದು ಎಂದೇ ಅನ್ನುತ್ತಾರೆ. ಬೆಳಿಗ್ಗೆ ಕರೆದರೆ ನಾಲ್ಕು ಗಂಟೆಯಲ್ಲಿ ಕೆಚ್ಚಲು ನೂರಕ್ಕೆ ತೊಂಬತ್ತರಷ್ಟು ಮತ್ತೆ ತುಂಬಿರುತ್ತದೆ, ಮಧ್ಯಾಹ್ನ ಇನ್ನೊಬ್ಬ ರೋಗಿಗೆ ಕರೆಯಬಹುದು. ವಿಘಟನೆಗೆ ಮೂವತ್ತು ಫೋಟಾನಿನ ಈ ಹಸು ಸುಮಾರು ಒಂದು ವರ್ಷ ಹಾಲು ಕೊಡುತ್ತದೆ, ಆಮೇಲೆ ಬತ್ತುತ್ತಾ ಬರುತ್ತದೆ.